ಐಸ್ ಪ್ಲಾಂಟಿನ ಪಕ್ಕ

ರಾತ್ರಿ ಹತ್ತಕ್ಕೆ ಐಸ್ ಪ್ಲಾಂಟಿನ ಕಂಪ್ರೆಸರ್ ಎದ್ದರೆ
ನನ್ನ ಸ್ಪೀಕರೂ ಎದ್ದು ಕೂರುತ್ತದೆ:
ಗುಂಯ್...
ಗಂಟಲು ಕಟ್ಟಿದವನು ಬಾಯಿ ಮುಚ್ಚಿ ಹಾಡಿದ ಹಾಗೆ.

ಗೋಡೆಯಾಚೆಯ ಸದ್ದಲ್ಲ ಅದು,
ಕಿಟಕಿ ಹಾಕಿ ನೋಡಿದ್ದೇನೆ.
ಯುಎಸ್‌ಬಿ ತಂತಿ ಹಿಡಿದು ಕಂಪ್ಯೂಟರಿನಿಂದ ಡ್ಯಾಕಿಗೆ
ಟಿಕೆಟಿಲ್ಲದೆ ಬರುತ್ತದೆ,
ಸಿಟಿ ಬಸ್ಸಿನ ಹಿಂಬಾಗಿಲಿಗೆ ನೇತುಬಿದ್ದ ಹುಡುಗರಂತೆ.

"ಅರ್ತಿಂಗ್ ಸರಿಯಿಲ್ಲ ಮಾರಾಯ" ಎಂದ ರಿತೇಶ್ ತಿಂಗಳಾಯ,
ಮದುವೆ ಹಾಲುಗಳ ಸೌಂಡಿನವನು.
"ಮಲ್ಪೆಯ ಉಪ್ಪುಗಾಳಿಗೆ ತಾಮ್ರ ಎಷ್ಟು ವರ್ಷ ಬಾಳೀತು?"
ಮೂರು ತಂತಿ ನೆಲಕ್ಕೆ ಹರವಿದ, ಮೀನು ಹರವಿದ ಹಾಗೆ.
ನಾನು ಕಿವಿರು ಎತ್ತಿ ನೋಡುವುದೊಂದು ಬಾಕಿ.

ಯುಎಸ್‌ಬಿ ಎಷ್ಟು ಹೇರಿದರೂ ಹೊರುತ್ತದೆ,
ಗಡಿಯಾರ ಡ್ಯಾಕಿನದೇ, ತಾಳ ತಪ್ಪುವುದಿಲ್ಲ.
ಆದರೆ ಅದರ ಹೊಟ್ಟೆಯೊಳಗೆ ಕರೆಂಟಿನದೂ ಒಂದು ಎಳೆ.
ಕೋಆಕ್ಸಿಯಲ್, ದಪ್ಪ ಚರ್ಮದ್ದು, ಒಳ್ಳೆಯದೇ;
ಅದೂ ತಾಮ್ರ, ಅದಕ್ಕೂ ನೆಲದ ನಂಟು.
ಮೂರನೆಯದು ಬಡಕಲು,
ಗಾಳದ ದಾರದಷ್ಟು ಹಗುರ.
"ಆಪ್ಟಿಕಲ್. ಇದರಲ್ಲಿ ಕರೆಂಟೇ ಹೋಗುವುದಿಲ್ಲ, ಬೆಳಕು ಮಾತ್ರ.
ಭಾರೀ ದೊಡ್ಡ ಫೈಲು ಹಿಡಿಯಲಿಕ್ಕಿಲ್ಲ.
ನಿನ್ನದೇನು, ಹಳೇ ಕ್ಯಾಸೆಟ್ಟು. ಧಾರಾಳ ಸಾಕು.
ಮಡಚಬೇಡ, ಅಷ್ಟೆ."

ಲ್ಯಾಪ್‌ಟಾಪಿಗೆ ಅದರ ತೂತಿಲ್ಲ.
ಅಟ್ಟದಿಂದ ಹಳೆಯ ಸಿಪಿಯು ಡಬ್ಬ ಇಳಿಸಿದೆವು,
ಜಿರಲೆ ಮೊಟ್ಟೆ ಕೊಡವಿದೆವು. ಬೆನ್ನಲ್ಲಿ ಇತ್ತು
ಚೌಕದ್ದೊಂದು ಕಿಂಡಿ, ಮುಚ್ಚಳ ಸಮೇತ,
ಇಷ್ಟು ವರ್ಷ ಯಾರೂ ತೆರೆಯದ್ದು.
ಉಡುಪಿಯವರಿಗೆ ಕಿಂಡಿ ಹೊಸತೇ? ಬಗ್ಗಿ ನೋಡಿದೆ:
ಮಂಜೊಟ್ಟಿ ಕಾಳಿನಷ್ಟು ಕೆಂಪು.

ಹತ್ತು ಗಂಟೆ.
ಕಂಪ್ರೆಸರ್ ಎದ್ದಿತು.
ಸ್ಪೀಕರು ಏಳಲಿಲ್ಲ.
ಅಷ್ಟು ನಿಶ್ಶಬ್ದ ಈ ಕೋಣೆಗೆ ಬಂದದ್ದೇ ಮೊದಲು;
ಎಲ್ಲಿ ಕೂರಿಸುವುದೆಂದು ತಿಳಿಯಲಿಲ್ಲ.

ಜಲಜತ್ತೆಯದನ್ನು ಹಾಕಿದೆ. ಎಂಬತ್ತೇಳನೇ ಇಸವಿಯದು.
ದಕ್ಕೆಯಲ್ಲಿ ಬಂಗುಡೆ ಏಲಂ ಕೂಗುತ್ತಿದ್ದಾಳೆ,
ಪತ್ತ್, ಪದಿನೈನ್, ಇರ್ವ,
ನಡುವೆ ಕಾಗೆಗೆ ಬೈಗುಳ, ಎಲೆಯಡಿಕೆ ಉಗಿದದ್ದು,
ಒಂಬತ್ತು ವರ್ಷದ ನಾನು ಟೇಪಿಗೆ ಕೈ ತಾಗಿಸಿದ ಟಕ್.
ಎಲ್ಲದರ ಅಡಿಗೆ, ತೆಳ್ಳಗೆ,
ಗುಂಯ್.

ರಿತೇಶ ತಂತಿ ಕಿತ್ತ, ಊದಿದ, ಮತ್ತೆ ಚುಚ್ಚಿದ.
"ಇದು ಹೇಗೆ ದಾಟಿತು ಮಾರಾಯ?"

ದಾಟಿದ್ದಲ್ಲ. ಇದು ಅಲ್ಲೇ ಇದ್ದದ್ದು.
ದಕ್ಕೆಯ ಹಳೇ ಐಸ್ ಪ್ಲಾಂಟು, ಈಗ ಅಲ್ಲಿ ಪಾರ್ಕಿಂಗು.
ಅತ್ತೆಯ ಬೆನ್ನಿಗೇ ಇತ್ತು ಅದರ ಗೋಡೆ,
ಅದರ ಮೇಲೆ ಸ್ವರ ಏರಿಸಿ ಏರಿಸಿಯೇ
ಅವಳ ಗಂಟಲು ಹಾಗಾದದ್ದು.
ಇಷ್ಟು ದಿನ ಎರಡನ್ನೂ ಒಂದೇ ಎಂದುಕೊಂಡು
ಒಟ್ಟಿಗೆ ಬೈಯುತ್ತಿದ್ದೆ.

ಸಾಫ್ಟ್‌ವೇರಲ್ಲಿ ಇದನ್ನೂ ತೆಗೆಯಬಹುದು ಎಂದ.
ಬೇಡ, ಕೂತುಕೋ ಎಂದೆ.
ಇರ್ವ, ಎಂದಳು ಅತ್ತೆ. ಇನ್ನೊಮ್ಮೆ, ಇರ್ವ,
ಯಾರಾದರೂ ಏರಿಸುತ್ತಾರೋ ಎಂದು ಕಾದು.