ಕೇಳಿ ಕೊಂಡದ್ದು

ಇನಾಯತ್ ಸಾಬರು ಬಣ್ಣ ತೋರಿಸಲಿಲ್ಲ.
ಗುಬ್ಬಿ ಗೇಟಿನ ಅಂಗಡಿ ಮುಂದೆ
ಹಿಂದಿನ ಚಕ್ರ ಎತ್ತಿ, ಪೆಡಲ್ಲಿಗೊಂದು ಗುದ್ದು ಕೊಟ್ಟು
"ನೋಡ್ಬೇಡಮ್ಮ, ಕೇಳು" ಅಂದರು.

ಕೆಂಪಂದು ಕೆಮ್ಮಿತು.
ಗೇರಿಂದು ಮೂರನೇ ಗೇರಿಗೇ ಹಲ್ಲು ಕಡಿಯಿತು.
ಮೂಲೆಯ ಕರಿದು, ಮಡ್‌ಗಾರ್ಡು ತುಕ್ಕು ತಿಂದದ್ದು,
ಸುಮ್ಮನೆ ತಿರುಗಿತು.
ಅಮ್ಮ ಚೌಕಾಸಿ ಮುಗಿಸುವವರೆಗೂ
ತಿರುಗುತ್ತಲೇ ಇತ್ತು.

ಸಾವಿರದ ಎಂಟುನೂರು.
ಅಮ್ಮ ಅದನ್ನು ಊದುಬತ್ತಿ ಕಡ್ಡಿಯಲ್ಲಿ ಎಣಿಸಿದಳು,
ತುಟಿ ಅಲ್ಲಾಡಿದ್ದು ಕಂಡೆ.
"ಒಂದೂವರೆ ತಿಂಗಳು" ಎಂದಳು, ಯಾರಿಗೋ.
ಆಮೇಲೆ ಬೆಲ್ಲನ್ನೂ ಹಾಕಿಸಿಕೊಂಡಳು, ಪುಕ್ಕಟೆ.

ಸೀಟು ಹರಿದಿತ್ತು.
ಮೂಟೆ ಹೊಲಿಯುವ ದಬ್ಬಳ, ನೀಲಿ ದಾರ,
ಏಳು ಹೊಲಿಗೆ, ಕೊನೆಯದು ಸೊಟ್ಟ.

ಬೀಗ ಅಜ್ಜಿಯ ಟ್ರಂಕಿನದು.
ನಂಬರಿನ ಬೀಗ ಬೇಕೆಂದಿದ್ದೆ,
"ನಂಬರು ಯಾರಿಗಾದ್ರೂ ಹೊಳೆದೀತು" ಅಂದಳು.
ಮಂಡಿಪೇಟೆಯಲ್ಲಿ ತೂಕಕ್ಕೆ ತಂದ ಸರಪಳಿ ನೋಡಿ
ಹಸು ಕಟ್ಟೋದು ಅಂತ ಹುಡುಗಿಯರು ನಕ್ಕರು.
ನಿಜ, ಹಸುವಿನದೇ.
ಟ್ರಂಕಿಗೆ ಈಗ ಹಗ್ಗ.

ಮೂರನೇ ವಾರ, ಕಾಲೇಜಿನ ಬೇವಿನ ಬುಡದಲ್ಲಿ
ಬೀಗ ಇತ್ತು. ಸರಪಳಿ ಇತ್ತು.
ಎರಡೂ ಚಕ್ರ, ಪುಕ್ಕಟೆ ಬೆಲ್ಲು, ಎಲ್ಲ ಇತ್ತು.
ಸೀಟಿನ ಜಾಗದಲ್ಲಿ ಒಂದು ತೂತು
ಆಕಾಶ ನೋಡುತ್ತಿತ್ತು.
ವಾಚ್‌ಮನ್ ರಂಗಧಾಮಯ್ಯ ಎರಡು ಸುತ್ತು ಬಂದು
ಬೀಗ ಜಗ್ಗಿ ನೋಡಿ
"ಗಟ್ಟಿ ಐತೆ ಬಿಡವ್ವ" ಅಂದ.

ಕ್ಯಾತ್ಸಂದ್ರದವರೆಗೂ ನಿಂತೇ ತುಳಿದೆ.
ಬಟವಾಡಿ ಹತ್ತಿರ ಆಟೋದವನೊಬ್ಬ
"ಕೂತ್ಕೊಳಮ್ಮಾ" ಎಂದು ಕೂಗಿ ಹೋದ.
ಅಮ್ಮ ಬೈಯಲಿಲ್ಲ.
ಪೈಪಿನ ಬಾಯಿಗೆ ಹಳೇ ಬಟ್ಟೆ ತುರುಕಿದಳು,
ಮಳೆ ನೀರು ಇಳಿಯದಿರಲೆಂದು.

ಹೊಸ ಸೀಟು ಸಾಲ, ನೂರಿಪ್ಪತ್ತು.
ಜೊತೆಗೆ ಹದಿಮೂರನೇ ನಂಬರಿನ ಸ್ಪ್ಯಾನರು.
ಈಗ ಸೀಟು ನನ್ನ ಜೊತೆ ಕ್ಲಾಸಿಗೆ ಬರುತ್ತೆ,
ಬೆಂಚಿನ ಮೇಲೆ ಮಗ್ಗುಲಲ್ಲಿ ಕೂರುತ್ತೆ.
ಅರ್ಥಶಾಸ್ತ್ರದ ಮೇಷ್ಟ್ರು ಕನ್ನಡಕ ಏರಿಸಿ
"ಅದ್ಯಾರದು?" ಅಂದರು.
"ನಂದೇ ಸರ್."
ಹಾಜರಿ ಮುಂದುವರಿಯಿತು.

ಇವತ್ತು, ಸ್ಟ್ಯಾಂಡಿನ ಆ ತುದಿಯಲ್ಲಿ
ನೀಲಿ ದಾರ.
ಏಳು ಎಣಿಸಿದೆ. ಕೊನೆಯದು ಸೊಟ್ಟ.
ಮೇಲೆ ಯಾರೋ ಹಾಲಿನ ಕವರು ಕಟ್ಟಿದ್ದಾರೆ,
ಬಿಸಿಲಿಗೆ ಒಡೆಯದಿರಲೆಂದು, ನಾಜೂಕಾಗಿ.
ಬೀಗವೇ ಇಲ್ಲದ ಸೈಕಲ್ಲು.
ಸ್ಪ್ಯಾನರು ಚೀಲದಲ್ಲಿತ್ತು, ಸುತ್ತ ಯಾರೂ ಇರಲಿಲ್ಲ.

ಬಣ್ಣ ಆಮೇಲೆ ಕಂಡಿತು.
ಹಿಂದಿನ ಚಕ್ರ ಎತ್ತಿ ಪೆಡಲ್ಲಿಗೊಂದು ಗುದ್ದು ಕೊಟ್ಟೆ.
ಇನ್ನೂ ಕೆಮ್ಮುತ್ತಿತ್ತು.
ನಿಲ್ಲುವವರೆಗೂ ಕೇಳಿಸಿಕೊಂಡೆ.