ಗ್ರಾಂ ಲೆಕ್ಕ

ಬಫಲೋ ಊರಿನ ಫಿಲ್‌ಮೋರ್ ಬೀದಿಯಲ್ಲಿ ನನ್ನ ಅಂಗಡಿ.
ಹಳೆಯ ಡ್ರಮ್ಮು, ಹಳೆಯ ಸಿಂಬಲ್ಲು, ಜೋಡಿ ತಪ್ಪಿದ ಸ್ಕ್ರೂಗಳ ಡಬ್ಬಿ.
ಮೇಜಿನ ಮೇಲೊಂದು ಎಲೆಕ್ಟ್ರಾನಿಕ್ ತಕ್ಕಡಿ,
ಅಂಚೆ ಕಚೇರಿ ಮುಚ್ಚಿದಾಗ ಹರಾಜಿನಲ್ಲಿ ಕೊಂಡದ್ದು,
ಪ್ರೇಮಪತ್ರ, ಕೋರ್ಟಿನ ನೋಟೀಸು
ಎಲ್ಲವನ್ನೂ ಒಂದೇ ಮುಖದಲ್ಲಿ ತೂಗಿದ್ದು.

ಫೆಬ್ರವರಿ. ಸರೋವರದ ಗಾಳಿಗೆ ಬಾಗಿಲ ಗಂಟೆ ಸುಮ್ಮಸುಮ್ಮನೆ ಅಲುಗುತ್ತದೆ,
ಗಿರಾಕಿಯೆಂದು ತಲೆಯೆತ್ತಿ ಮೋಸಹೋಗುತ್ತೇನೆ.
ಈ ಸಲ ನಿಜಕ್ಕೂ ಗಿರಾಕಿ:
ಯೂನಿಸ್ ಟಾರ್ಪ್ಲಿ, ಎಪ್ಪತ್ತೊಂದು,
ಬೂಟಿಗೆ ರಸ್ತೆಯ ಉಪ್ಪು ಮೆತ್ತಿದೆ,
ದಿಂಬಿನ ಚೀಲದೊಳಗೆ ಎರಡು ಸಿಂಬಲ್.

"ಒಂದನ್ನು ಮಾರಬೇಕು. ಯಾವುದನ್ನು, ನೀನೇ ಹೇಳು."

ಮೊದಲನೆಯದು ಇಸ್ತಾಂಬುಲಿನದು, ಐವತ್ತರ ದಶಕ.
ಮುದ್ರೆಯ ಅಕ್ಷರಗಳು ಸವೆದು ಹುಳುಗಳಂತೆ ಮುದುಡಿವೆ.
ಬೆರಳ ತುದಿಯಲ್ಲಿ ನಿಲ್ಲಿಸಿ ಕಡ್ಡಿಯಿಂದ ಮುಟ್ಟಿದೆ, ಅಷ್ಟೆ —
ಒಣಗಿದೆಲೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗೆ,
ಮೇಲೆ ಹೊಗೆ,
ಹೊಗೆಯಡಿಯಲ್ಲಿ ಸಣ್ಣಗೆ ಒಂದು ಗುನುಗು.
ಸಾವಿರದ ಏಳುನೂರ ಹತ್ತು ಗ್ರಾಂ.
ಬಾಯಲ್ಲಿ ನೀರು ನನಗೆ. ಮುಖ ಮಾತ್ರ ಕಲ್ಲು.

ಎರಡನೆಯದು ಇಲ್ಲಿಯದೇ, ಮ್ಯಾಸಚೂಸೆಟ್ಸಿನ ಕಾರ್ಖಾನೆಯದು,
ಎಪ್ಪತ್ತರ ದಶಕದ ಕೊನೆ. ಗಿಟಾರುಗಳು ಕಿರುಚುತ್ತಿದ್ದ ಕಾಲ;
ಕೇಳಿಸಬೇಕಾದರೆ ಕಂಚು ದಪ್ಪಗಾಗಲೇಬೇಕಿತ್ತು.
ಎರಡು ಸಾವಿರದ ಎಂಟುನೂರ ಎಪ್ಪತ್ತು.
ಹೊಡೆದರೆ ಟಿಣ್ — ಕಮ್ಮಾರನ ಅಡಿಗಲ್ಲು,
ಸ್ಪಷ್ಟ, ಒಂಟಿ, ಹರಡಲೊಲ್ಲದ ನಾದ.
ಇಂಥವು ನನ್ನ ಹಿಂಗೋಣೆಯಲ್ಲಿ ಹದಿನಾರಿವೆ.
ಒಂದರ ಮೇಲೆ ಬೆಕ್ಕು ಮಲಗುತ್ತದೆ.

"ಮೇಡಂ," ಅಂದೆ, "ಈ ಪೇಟೆಯ ನ್ಯಾಯ ತಲೆಕೆಳಗು.
ಬಂಗಾರವನ್ನು ತೊಲ ತೊಲವಾಗಿ ಏರಿಸುತ್ತಾರೆ,
ಇಲ್ಲಿ ಗುಂಜಿ ಗುಂಜಿ ಇಳಿದಷ್ಟೂ ಬೆಲೆ.
ಮಾತಿಗೆ ತೂಕ ಬೇಕು, ತಾಳಕ್ಕೆ ಬೇಡ.
ಹಗುರವಾದದ್ದನ್ನು ಇಲ್ಲಿ ಯಾರೂ ಹಗುರವಾಗಿ ಕಾಣುವುದಿಲ್ಲ."

ಆಕೆ ನಗಲಿಲ್ಲ.
"ಅಳತೆಪಟ್ಟಿ ಇಟ್ಟು ನೋಡು."

ಇಟ್ಟೆ. ಇಪ್ಪತ್ತು ಇಂಚು ಇರಬೇಕಾದದ್ದು
ಹತ್ತೊಂಬತ್ತೂವರೆ, ಅದಕ್ಕೂ ಕೂದಲೆಳೆ ಕಮ್ಮಿ.
ಸುತ್ತಲೂ ಯಾರೋ ಕತ್ತರಿಸಿ ಉಜ್ಜಿದ್ದಾರೆ.

"ಬಿರುಕು ಬಿಟ್ಟಿತ್ತು. ನನ್ನ ಮೇಷ್ಟ್ರು ಲೈಮನ್ ಗೇಥರ್ಸ್,
ರಾತ್ರಿಪಾಳಿ ಉಕ್ಕಿನ ಕಾರ್ಖಾನೆಯಲ್ಲಿ, ಹಗಲು ನನಗೆ ಪಾಠ,
ಅಲ್ಲಿಯ ಕತ್ತರಿಯಲ್ಲೇ ಅಂಚು ತೆಗೆದ.
ಬಿರುಕು ಒಳಗೆ ಹೊಗುವ ಮುಂಚೆ
ಸುತ್ತಲಿನ ಒಳ್ಳೆಯದನ್ನೂ ಬಿಡಬೇಕಾಗುತ್ತೆ ಅನ್ನುತ್ತಿದ್ದ.
ಆ ಕಂಚಿನ ಬಳೆಯನ್ನು ಬಿಸಾಡಲಿಲ್ಲ.
ಸಾಯುವ ತನಕ ಅವನ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು."

ಹಾಗಾದರೆ ಅರ್ಧ ಬೆಲೆ, ಅಂದೆ.
ನಾಚಿಕೆಯಾಯಿತು. ಆದರೂ ಅಂದೆ.
ಸದ್ದಿಗೇನೂ ಕುಂದಿಲ್ಲ,
ಆದರೆ ಜನ ಕಿವಿಯಿಂದ ಕೊಳ್ಳುವ ಮೊದಲು ಪಟ್ಟಿಯಿಂದ ಕೊಳ್ಳುತ್ತಾರೆ.

ಆಕೆ ಭಾರದ್ದರ ಅಂಚನ್ನು ಹೆಬ್ಬೆರಳಿನಿಂದ ಸವರಿದಳು.
"ಮೂವತ್ತೊಂದು ವರ್ಷ, ಭಾನುವಾರ ಭಾನುವಾರ.
ನಲವತ್ತು ಜನರ ಕಾಯಿರ್, ಆರ್ಗನ್, ಚಪ್ಪಾಳೆ, ಅಳು,
ನೆಲ ಒದೆಯುವ ಹಿಮ್ಮಡಿಗಳು.
ನಿನ್ನ ತೆಳ್ಳನೆಯದು ಮೊದಲ ಚರಣಕ್ಕೇ ಮುಳುಗುತ್ತಿತ್ತು.
ಇದು ಮುಳುಗಲಿಲ್ಲ.
ನನ್ನ ಮಣಿಕಟ್ಟು ಮುಳುಗಿತು, ಅದು ಬೇರೆ ಮಾತು."

ಏನು ಹೇಳಬೇಕೋ ತೋಚದೆ
ಭಾರದ್ದನ್ನು ಮತ್ತೆ ತಕ್ಕಡಿಗಿಟ್ಟೆ. ಬೆರಳು ಜಾರಿ
ಸೊನ್ನೆಯ ಗುಂಡಿ ಒತ್ತಿತು.
ಕಂಚು ಕೂತೇ ಇದೆ, ಪರದೆಯಲ್ಲಿ ಸೊನ್ನೆ.

"ಆಹಾ, ಎಷ್ಟು ಹಗುರ!" ಅಂದಳು ಯೂನಿಸ್,
"ಈಗ ಎಷ್ಟು ಕೊಡ್ತೀ?"

ನಕ್ಕೆವು. ನೋಟು ಎಣಿಸಿದೆ, ಅರ್ಧಕ್ಕಿಂತ ತುಸು ಹೆಚ್ಚೇ.
ತೆಳ್ಳನೆಯದನ್ನು ಬಿಟ್ಟು
ಭಾರದ್ದನ್ನು ದಿಂಬಿನ ಚೀಲಕ್ಕೆ ಇಳಿಸಿ
ಒಂದು ಭುಜ ಬಾಗಿಸಿಕೊಂಡು ಹಿಮದೊಳಕ್ಕೆ ಹೋದಳು.

ತಿರುಗಿ ನೋಡಿದರೆ ಬರಿದಾದ ತಕ್ಕಡಿಯಲ್ಲಿ
ಮೈನಸ್ ಎರಡು ಸಾವಿರದ ಎಂಟುನೂರ ಎಪ್ಪತ್ತು.
ಮಿನುಗುತ್ತಿತ್ತು.
ಗುಂಡಿ ಒತ್ತಿದರೆ ಹೋಗುತ್ತಿತ್ತು. ಒತ್ತಲಿಲ್ಲ.
ಸ್ವಲ್ಪ ಹೊತ್ತಿಗೆ ಬೆಕ್ಕು ಬಂದು
ಅದರ ಮೇಲೆ ಕೂತು ತೂಕಡಿಸತೊಡಗಿತು.