ಮಾಲತೇಶನ ನಡುಗಡ್ಡಿ

ಬ್ಯಾಡಗಿಯೊಳಗ ಮೂರು ತಿಂಗಳಾತು
ಮೆಣಸಿನಕಾಯಿ ತುಂಬು ಬಿಡಸಾಕ ಕುಂತು.
ಈ ಕೈ ಈಗ ನನ್ನವಲ್ಲ.
ಕೂಸಿನ ಗಲ್ಲ ಮುಟ್ಟಾಕ ಬರೂದಿಲ್ಲ,
ನಿದ್ದಿಗಣ್ಣು ತಿಕ್ಕಾಕ ಬರೂದಿಲ್ಲ,
ಅಳು ಬಂದ್ರ ಮೊಣಕೈಲೆ ಒರಸ್ಕೋಬೇಕು.

ಅಂತಾದ್ರಾಗ ಬಂದ ಗುಡ್ಡವ್ವನ ತಮ್ಮ ಮಾಲತೇಶ,
ಅಂಡಮಾನದೊಳಗ ನಾಕು ವರ್ಷ ದೋಣಿ ತೊಳದಾಂವ.
ತಂದಿದ್ದು: ಕಿತ್ತಳಿ ಬಣ್ಣದ ಒಂಬತ್ತು ಜಾಕೀಟು,
ಎರಡು ನೀರಿನ ಕನ್ನಡಕ, ಮಾರುದ್ದ ಹಗ್ಗದ ಸಿಂಬಿ, ಒಂದು ಸೀಟಿ.
‘ಸಮುದ್ರ ಒಂದು ಬಿಟ್ಟು ಎಲ್ಲಾ ತಂದೀನಿ’ ಅಂದ.
‘ಅದಕ್ಕ ನಮ್ಮ ಹೊಳಿ ಐತಲ್ಲ.
ಐತಾರ ಬರ್ರಿ. ನೂರೈವತ್ತು ರೂಪಾಯಿ. ಬುತ್ತಿ ನಿಮ್ಮದು.’

ಹಾವನೂರಿನ ಕಡೆ ಟಂಟಂ ಹೊಂಟಾಗ
ಗುಡ್ಡವ್ವ ಲೆಕ್ಕ ಹಾಕಿದ್ಲು,
ನೂರೈವತ್ತಂದ್ರ ಎಷ್ಟು ಕಿಲೋ ತುಂಬು ಅಂತ.
ಹೇಳಬ್ಯಾಡವಾ ಅಂದ್ವಿ.

ತುಂಗಭದ್ರೆಯ ನಡುವ ಒಂದು ಗಡ್ಡಿ,
ಆನಿ ಮಲಗಿದಂಗ ನಾಕು ಬಂಡಿ, ಎರಡು ಮತ್ತೀಮರ, ಜೊಂಡು.
ಮ್ಯಾಲೆ ಹಲಗಿ: ‘ಐಲ್ಯಾಂಡ್’.
ಓದಾಕ ಬರೂದು ನನಗೊಬ್ಬಾಕಿಗೆ.
‘ದ್ವೀಪ ಅಂತ’ ಅಂದೆ. ‘ದೀಪ ಎಲ್ಲೈತಿ?’ ಅಂದ್ಲು ಕೆಂಚವ್ವ.

ಹರಗೋಲು ನಡುಹೊಳ್ಯಾಗ ನಿಂದ್ರಿಸಿ
ಮಾಲತೇಶ ಹುಟ್ಟು ಹಾಕಿ ತಿರುವಿದ.
ಆಕಾಶ ಬೀಸೂಕಲ್ಲಿನಂಗ ತಿರಗಿತು,
ನಾವು ನಡುವಿನ ಜ್ವಾಳದಂಗ.
ಹಜರತಬಿ ನನ್ನ ರಟ್ಟಿ ಹಿಡದಿದ್ದು
ಇನ್ನೂ ನೀಲಿ ಐತಿ.

ಮರದಿಂದ ಮರಕ್ಕ ಹಗ್ಗ.
ಅದರ ಮ್ಯಾಲೆ ಗಾಲಿ, ಗಾಲಿಗೆ ಮಂದಿ ಜೋತು ಜಾರೂದು.
‘ಯಾರು ಮೊದಲ?’ ಅಂದ. ನಾವೆಲ್ಲ ಮಣ್ಣು ನೋಡಿದ್ವಿ.
ಮೊಣಕಾಲು ನೋವಿನ ಕೆಂಚವ್ವ, ಐವತ್ತೆಂಟರಾಕಿ,
ಕಚ್ಚಿ ಬಿಗದ್ಲು, ಎಲಿ ಅಡಕಿ ಉಗುಳಿದ್ಲು,
‘ಏಳಕೋಟಿ!’ ಅಂತ ಕೂಗಿ ಹಾರೇ ಬಿಟ್ಲು.
ಅಚ್ಚಿಗಿ ದಂಡಿಯ ಕೊಕ್ಕರಿ ಎಲ್ಲಾ ಎದ್ವು.
ಹೊಳ್ಳಿ ಬಂದ್ಲು, ಮತ್ತ ಹೋದ್ಲು,
ಮತ್ತ ಹೋದ್ಲು.
ಮೊಣಕಾಲಿನ ಸುದ್ದಿ ಸಂಜೀತನಕ ಬರಲಿಲ್ಲ.

ಊಟಕ್ಕ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ.
ಗುಡ್ಡವ್ವ ತಂದ ಮಿರ್ಚಿ ಯಾರೂ ಮುಟ್ಟಲಿಲ್ಲ,
ಮಾಲತೇಶ ಎಂಟು ತಿಂದ.

ಆಮ್ಯಾಲೆ ಕನ್ನಡಕ.
ಹಿಡದು ನೋಡಿದಾಕಿ ನಾನು, ಹಾಕ್ಕೊಂಡಾಕಿ ಹಜರತಬಿ.
ಒಂದ ಗಳಿಗೆಗೆ ‘ಯಾ ಅಲ್ಲಾ, ಉರಿ ಉರಿ’ ಅಂತ ಕಿತ್ತೊಗದ್ಲು.
ಮೂರು ಸಲ ಸಬಕಾರ ಹಚ್ಚಿದ ಕೈ,
ಆದರೂ ಬ್ಯಾಡಗಿ ಬಿಟ್ಟಿರಲಿಲ್ಲ.
ನಕ್ಕವಿ, ನಕ್ಕು ನಕ್ಕು ಜಾಕೀಟು ಬಿಗಿಯಾತು.
ಮಾಲತೇಶ ಕನ್ನಡಕ ಉಸುಕಿನಾಗ ತಿಕ್ಕೇ ತಿಕ್ಕಿದ:
‘ನಾಳೆ ಪ್ಯಾಟಿ ಮಂದಿಗೆ ಇದನ್ನ ಹೆಂಗ ಕೊಡ್ಲೆವಾ?’

ಮತ್ತ ಹಾಕ್ಕೊಂಡ್ಲು ಹಜರತಬಿ.
ಮುಖ ನೀರಿಗೆ ಇಟ್ಲು. ಎತ್ತಲಿಲ್ಲ.
ಬಾಯಾಗಿನ ಕೊಳವಿ ಉಸ್ ಉಸ್ ಅನ್ನೂದೊಂದು ಕೇಳತಿತ್ತು.
ನಾ ಕರದೆ, ಗುಡ್ಡವ್ವ ಕರದ್ಲು,
ಮಾಲತೇಶ ಸೀಟಿ ಊದಿದ. ಒಂದು ಸೀಟಿ ಅಂದ್ರ ‘ಹೊಳ್ಳಿ ಬಾ’,
ಎರಡು ಅಂದ್ರ ‘ಎಲ್ಲಾ ಬರೋಬರಿ’.
ಬಾಳ ಹೊತ್ತಿನ ಮ್ಯಾಲೆ ತಲಿ ಎತ್ತಿದ್ಲು.
‘ಏನ ಕಂಡಿ?’
ಏನೂ ಹೇಳಲಿಲ್ಲ.
ಟಂಟಂ ಗುತ್ತಲ ದಾಟಿದ ಮ್ಯಾಲೆ ಕಿವ್ಯಾಗ ಅಂದ್ಲು,
‘ಅಲ್ಲಿ ಯಾರೂ ಮಾತಾಡೂದಿಲ್ಲ ನೋಡು.
ಒಂದು ಮೀನು ಬಂದು ನನ್ನ ಬಳಿ ನೋಡಿ ಹೋತು.’

ನಾನು ಏನು ಮಾಡಿದೆ?
ಜಾಕೀಟಿನಾಗ ಅಂಗಾತ ಬಿದ್ದೆ, ಅಷ್ಟ.
ನೀರು ಹೊತಗೊಂತು, ಲೆಕ್ಕ ಕೇಳಲಿಲ್ಲ.
ಎರಡೂ ಕೈ ಅಗಲ ಚಾಚಿ ಹೊಳಿಗೆ ಕೊಟ್ಟಿದ್ದೆ.
ಬೆರಳಸಂದಿಯಿಂದ ಏನೋ ಬಿಚ್ಚಿ ಹೋಗತಿತ್ತು
ಹೊಸಪ್ಯಾಟಿ ಕಡೆ.

ಸೋಮವಾರ. ಗುಂಪಿಯ ಮುಂದ ಐದು ಮಂದಿ ಕುಂತೀವಿ,
ಮೂಗಿಗೆ ಸೆರಗು ಕಟ್ಟಿ, ಸೀನಕೋತ.
ಲಾರಿ ಹಿಂದ ಸರಸಾಂವ ಸೀಟಿ ಊದಿದ.
ಐದೂ ತಲಿ ಒಮ್ಮೆಲೆ ಎದ್ವು.
ಕಾದ್ವಿ.

ಅಂವ ಮತ್ತೊಮ್ಮೆ ಊದಿದ.